ಬಸುರಿಯಾಗಿದ್ದಾಗ ತೋಟದ ಮಣ್ಣು ಮುಟ್ಟಬಹುದಾ?

ನಾಲ್ಕು ತಿಂಗಳ ಬಸುರಿ, ಹಿತ್ತಲಲ್ಲಿ ಸೊಪ್ಪು ಹಾಕಿದ್ದೀರಿ, ಬೀದಿ ಬೆಕ್ಕುಗಳು ಬಂದು ಪಾತಿ ಕೆದರಿ ಗಲೀಜು ಮಾಡುತ್ತವೆ, ಟಾಕ್ಸೊಪ್ಲಾಸ್ಮೋಸಿಸ್ (ಬೆಕ್ಕಿನ ಮಲದಿಂದ, ಸರಿಯಾಗಿ ಬೇಯದ ಬಾಡಿನಿಂದ ಬರುವ ಸೋಂಕು) ಭಯಕ್ಕೆ ಆ ಕಡೆ ಹೋಗೋದೇ ಬಿಡಬೇಕಾ ಎಂದು ಕೇಳಿದ್ದೀರಿ.

ಅಗೆಯೋದು, ಕಳೆ ಕೀಳೋದು ಮಾಡೋಕೆ ಮನೆಯಲ್ಲಿ ಬೇರೆಯವರಿದ್ದರೆ ಅವರಿಗೇ ಬಿಡಿ. ಯಾರೂ ಇಲ್ಲವಾದರೆ ರಬ್ಬರ್ ಗ್ಲೌಸ್ ಹಾಕಿಕೊಂಡು ಮಾಡಿ. ಮಣ್ಣು ಬಾಯಿಗೆ ಹೋಗಬಾರದು, ಅಷ್ಟೇ.

ಗಲೀಜು ಕಂಡ ಕಡೆ ಮಾತ್ರ ಎಚ್ಚರವಾಗಿದ್ದರೆ ಸಾಲದು. ಸೋಂಕು ತಗುಲಿದ ಬೆಕ್ಕು ಸಾಮಾನ್ಯವಾಗಿ 1ರಿಂದ 3 ವಾರ ಈ ರೋಗಾಣುವಿನ ಮೊಟ್ಟೆಗಳನ್ನು ಹೊರಹಾಕುತ್ತದೆ. ಅವು ಬಲಿತು ಸೋಂಕು ಹಬ್ಬಿಸಲು 1ರಿಂದ 5 ದಿನ ಬೇಕು. ಆಮೇಲೆ ತೇವದ ಮಣ್ಣಲ್ಲಿ ಒಂದು ವರ್ಷಕ್ಕೂ ಜಾಸ್ತಿ ಬದುಕಿರಬಲ್ಲವು. ದಿನಾ ನೀರು ಬಿಡುವ ಸೊಪ್ಪಿನ ಪಾತಿ ಅವಕ್ಕೆ ಒಳ್ಳೆಯ ಜಾಗ. ಹೋದ ವರ್ಷದ ಗಲೀಜು ಈಗ ಕಣ್ಣಿಗೆ ಕಾಣಲ್ಲ ಅಲ್ವಾ? ಮನೆಯಲ್ಲೂ ಬೆಕ್ಕಿದ್ದರೆ ಪಾಪ, ಓಡಿಸಬೇಡಿ. ಅದರ ಗಲೀಜನ್ನು ಬೇರೆಯವರು ದಿನಾ ಎತ್ತಲಿ.

ನಾನು ಶ್ರೀನಿವಾಸಪುರದ ಕಡೆಯವಳು. ನಮ್ಮಲ್ಲಿ ಮಣ್ಣು ಹೊಟ್ಟೆ ಸೇರುವುದು ಹೆಚ್ಚಾಗಿ ಬಾಯಿ ಚಪಲದಿಂದ. ಗಾಳಿಗೆ ಉದುರಿದ ಮಾವಿನಕಾಯಿಯನ್ನು ಸೆರಗಿಗೆ ಒರೆಸಿ ಕಚ್ಚುತ್ತೇವೆ. ಕಡಲೆಕಾಯಿ ಗಿಡ ಕಿತ್ತು, ಅಲ್ಲೇ ಕೂತು ಹಸಿಕಾಯಿ ಸುಲಿದು ತಿನ್ನುತ್ತೇವೆ. ಕಳೆ ಕೀಳುವ ಮಧ್ಯೆ ಎಲೆಅಡಿಕೆ ಬೇರೆ! ಮಣ್ಣನ್ನೇ ತಿನ್ನೋ ಬಯಕೆ ಆಗುವವರೂ ಇದ್ದಾರೆ. ನಿಮಗೂ ಹಾಗನಿಸಿದರೆ ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ, ರಕ್ತ ಕಮ್ಮಿ ಇದ್ದಾಗ ಹಾಗಾಗುವುದುಂಟು.

ಗ್ಲೌಸ್ ಬಿಚ್ಚಿದ ಮೇಲೂ ಸೋಪು ಹಾಕಿ, ಉಗುರಿನ ಸಂದಿಯನ್ನೂ ತಿಕ್ಕಿ ಕೈ ತೊಳೆಯಿರಿ. ಸೊಪ್ಪನ್ನು ಉಪ್ಪು ನೀರಲ್ಲಿ ನೆನೆಸಿಟ್ಟರೆ ಈ ರೋಗಾಣು ಸಾಯುತ್ತದೆ ಎಂದು ನಂಬಬೇಡಿ. ನಲ್ಲಿ ನೀರು ಬಿಟ್ಟುಕೊಂಡು ಚೆನ್ನಾಗಿ ತೊಳೆಯಿರಿ, ಬೇಯಿಸಿ ತಿನ್ನಿ. ಕೊತ್ತಂಬರಿಯನ್ನು ಕೊನೆಗೆ ಉದುರಿಸುವ ಬದಲು ಸಾರು ಕುದಿಯುವಾಗಲೇ ಹಾಕಿ. ಘಮ ಸ್ವಲ್ಪ ಕಮ್ಮಿಯಾಗುತ್ತದೆ, ಆಗಲಿ ಬಿಡಿ. ಬಾಡು ಕೂಡ ಒಳಗೆ ಕೆಂಪು ಉಳಿಯದ ಹಾಗೆ ಬೇಯಬೇಕು.

ಸೋಂಕು ತಗುಲಿದ ತಾಯಿಗೆ ಎಷ್ಟೋ ಸಲ ಏನೂ ಗೊತ್ತಾಗುವುದಿಲ್ಲ. ಮಗುವಿನ ಕಣ್ಣು, ಮಿದುಳಿಗೆ ಪೆಟ್ಟಾಗಬಹುದು. ಹಾಗಾಗಿ ರಕ್ತ ಪರೀಕ್ಷೆ ಬೇಕಾ ಎಂದು ಡಾಕ್ಟರನ್ನು ಕೇಳಿ. ಸೋಂಕಿನ ವಿರುದ್ಧ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಲ್ಲಿ ಬಹುಕಾಲ ಉಳಿಯುವ ಐಜಿಜಿ ಮಾತ್ರ ಪಾಸಿಟಿವ್ ಬಂದರೆ ಸಾಮಾನ್ಯವಾಗಿ ಅದು ಹಳೆಯ ಸೋಂಕು, ಅಷ್ಟು ಚಿಂತೆ ಬೇಡ. ಸೋಂಕಿನ ಹೊಸದರಲ್ಲಿ ಕಾಣುವ ಐಜಿಎಂ ಪಾಸಿಟಿವ್ ಬಂದರೂ ಸುಮ್ನೆ ಗಾಬರಿಯಾಗಬೇಡಿ. ಅದು ತಿಂಗಳುಗಟ್ಟಲೆ ಉಳಿಯಬಹುದು, ಒಮ್ಮೊಮ್ಮೆ ತಪ್ಪಾಗಿಯೂ ತೋರಿಸುತ್ತದೆ. ಇನ್ನೊಂದು ಪರೀಕ್ಷೆ ಮಾಡಿಸಿ ಖಚಿತ ಮಾಡಿಕೊಂಡೇ ಔಷಧಿಯ ಮಾತು.