ಹಾಸನದಲ್ಲಿ ಕಮ್ಮಿ ದುಡ್ಡಲ್ಲಿ ಮೊದಲ ಗೇಮಿಂಗ್ ಪಿಸಿ ಕಟ್ಟಿಸ್ತಿದೀನಿ, ಗ್ರಾಫಿಕ್ಸ್ ಕಾರ್ಡ್ ಈಗ್ಲೇ ಬೇಕಾ?

ಈಗ್ಲೇ ಬೇಡ. ರೈಜೆನ್ 5 5600ಜಿ ಪ್ರೊಸೆಸರ್ ತಗೊಳಿ, ಅದ್ರೊಳಗೇ ಗ್ರಾಫಿಕ್ಸ್ ಇದೆ, ವ್ಯಾಲರಂಟ್, ಜಿಟಿಎ 5 ತರದ ಗೇಮೆಲ್ಲ ಸೆಟ್ಟಿಂಗ್ಸ್ ಸ್ವಲ್ಪ ಇಳಿಸಿದ್ರೆ ಆರಾಮಾಗಿ ಓಡುತ್ತೆ, ಆದ್ರೆ ರ‍್ಯಾಮ್ ಮಾತ್ರ 16 ಜಿಬಿದು ಒಂದೇ ಸ್ಟಿಕ್ ಹಾಕಿಸ್ಬೇಡಿ, 8 ಜಿಬಿದು ಎರಡು ಹಾಕ್ಸಿ, ಯಾಕಂದ್ರೆ ಈ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಬಳಸುತ್ತೆ, ಎರಡು ಸ್ಟಿಕ್ ಇದ್ರೆ ಡೇಟಾ ಎರಡು ದಾರೀಲಿ ಓಡಾಡಿ, ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತೆ ಅನ್ನೋ ಎಫ್‌ಪಿಎಸ್ ಚೆನ್ನಾಗೇ ಏರುತ್ತೆ. ಬಿ550 ಮದರ್‌ಬೋರ್ಡು, ಸ್ಟೋರೇಜ್‌ಗೆ 500 ಜಿಬಿ ಎಸ್‌ಎಸ್‌ಡಿ ಸಾಕು. ಪವರ್ ಸಪ್ಲೈಲಿ ಉಳಿಸೋಕೆ ಹೋಗ್ಬೇಡಿ, ಕ್ಯಾಬಿನೆಟ್ ಜೊತೆ ಪುಕ್ಕಟೆ ಬರೋದಂತೂ ಬೇಡವೇ ಬೇಡ, ಒಳ್ಳೇ 550 ವ್ಯಾಟಿಂದು ಹಾಕ್ಸಿದ್ರೆ ಮುಂದೆ ಹಾಕ್ಸೋ ಗ್ರಾಫಿಕ್ಸ್ ಕಾರ್ಡ್‌ಗೂ ಆಗುತ್ತೆ. ಸಕಲೇಶಪುರ ಕಡೆ ಆದ್ರೆ ಮಳೆಗಾಲದಲ್ಲಿ ಕರೆಂಟ್ ಹೋಗೋದು ಬರೋದು ಇದ್ದಿದ್ದೇ, ಯುಪಿಎಸ್‌ಗೂ ದುಡ್ಡು ಎತ್ತಿಡಿ. ಬೆಂಗಳೂರು ಎಸ್‌ಪಿ ರೋಡಿನ ಕಂಪ್ಯೂಟರ್ ಮಾರ್ಕೆಟ್ಟಿಗೆ ಬಸ್ ಹತ್ತೋ ಮುಂಚೆ ಊರಿನ ಅಂಗಡೀಲೂ ಒಂದ್ಸಲ ರೇಟ್ ಕೇಳಿ, ಏನಾದ್ರೂ ಕೆಟ್ರೆ ವಾರಂಟಿಗೆ ಓಡಾಡೋದು ತಪ್ಪುತ್ತೆ.