ಪಿನ್ ಮಾಡಿದ ಪತಂಗಗಳಿಂದ ಡಿಎನ್ಎ ಬಾರ್‌ಕೋಡ್ ಸಿಗದಿರುವ ಬಗ್ಗೆ

ಮೂಡಿಗೆರೆಯ ಕಾಫಿ ತೋಟದಲ್ಲಿ ಮಳೆಗಾಲದಲ್ಲಿ ಹಿಡಿದ ನಿಮ್ಮ ಪತಂಗಗಳಲ್ಲಿ ಅರ್ಧಕ್ಕೆ ಪಿಸಿಆರ್ (ಡಿಎನ್ಎಯ ಒಂದು ಭಾಗವನ್ನು ಓದಲು ಸಾಕಾಗುವಷ್ಟು ಪ್ರತಿಗಳಾಗಿ ಹೆಚ್ಚಿಸುವ ವಿಧಾನ) ಫಲಿತಾಂಶ ಬಾರದಿರುವುದಕ್ಕೆ, ಅವು ಒಣಗಲು ವಾರಗಟ್ಟಲೆ ಹಿಡಿದು ತೇವದಲ್ಲಿ ಡಿಎನ್ಎ ತುಂಡಾಗಿರುವುದೇ ಬಹುಮಟ್ಟಿಗೆ ಕಾರಣ. ಪ್ರಭೇದ ಗುರುತಿಸುವ ಬಾರ್‌ಕೋಡ್ ಆಗಿ ಬಳಸುವ ಸಿಒಐ ಎಂಬ ವಂಶವಾಹಿಯ 658 ಬೇಸ್ ಜೋಡಿಗಳ (ಡಿಎನ್ಎ ಉದ್ದದ ಅಳತೆ) ಪೂರ್ಣ ಭಾಗವನ್ನು ಬಿಟ್ಟು, ಅದರೊಳಗಿನ ಸುಮಾರು 130 ಜೋಡಿಗಳ ಕಿರು ಬಾರ್‌ಕೋಡನ್ನು ಮೊದಲು ಪ್ರಯತ್ನಿಸಿ. ಮಾದರಿಗಳನ್ನು ಕೆಡದಂತೆ ಇಡುವ ಫಾರ್ಮಾಲಿನ್ ದ್ರಾವಣ ತಗುಲಿದ್ದರೆ ಅದೂ ಫಲಿಸದಿರಬಹುದು.

ಮುಂದಿನ ಸಂಗ್ರಹದಲ್ಲಿ, ಹಿಡಿದ ರಾತ್ರಿಯೇ ಒಂದು ಕಾಲನ್ನು ಚಿಮುಟದಿಂದ ಬುಡಸಮೇತ ಬಿಡಿಸಿ 95% ಎಥನಾಲ್‌ನಲ್ಲಿ ಮುಳುಗಿಸಿ. ಪ್ರತಿ ಸಲವೂ ಚಿಮುಟವನ್ನು ಒರೆಸಿ ಜ್ವಾಲೆಗೆ ಹಿಡಿಯದಿದ್ದರೆ ಹಿಂದಿನ ಪತಂಗದ ರೆಕ್ಕೆಯ ಪುಡಿ ಅಂಟಿಕೊಂಡು ಬರುತ್ತದೆ, ಇದನ್ನು ದಯವಿಟ್ಟು ಲಘುವಾಗಿ ಕಾಣಬೇಡಿ. ಕಾಲಿನ ಸೀಸೆಗೂ ದೇಹಕ್ಕೂ ಒಂದೇ ಸಂಖ್ಯೆ ಕೊಟ್ಟು, ನಕ್ಷೆಗಾಗಿ ಅಕ್ಷಾಂಶ, ರೇಖಾಂಶ ಮತ್ತು ಎತ್ತರವನ್ನು ಅಲ್ಲಿಯೇ ಬರೆದುಕೊಳ್ಳಿ.

ಡಿಎನ್ಎ ಬಾರ್‌ಕೋಡ್‌ಗಳನ್ನು ಕೂಡಿಟ್ಟಿರುವ ಬೋಲ್ಡ್ ದತ್ತಕೋಶದಲ್ಲಿ ಹೊಂದಿಕೆ ಸಿಗದಿದ್ದರೆ ಆ ಪತಂಗವನ್ನು ಹೊಸ ಪ್ರಭೇದವೆಂದು ಬರೆಯದೆ, ಪ್ರಭೇದ ಗುರುತಿಸಲು ನೆರವಾಗುವ ಅದರ ಜನನಾಂಗದ ರಚನೆಯನ್ನು ತಜ್ಞರಿಗೆ ತೋರಿಸಿ.