ಬಾಡಿಗೆ ಮನೆಯೇ ಆಗಿರಲಿ, ಬೆಳಕಿನಿಂದ ಶುರು ಮಾಡಿ

ನಿಮ್ಮ ಪ್ರಶ್ನೆ ಓದಿದೆ. ಹೊಸ ದೇಶ, ಬಾಡಿಗೆ ಫ್ಲ್ಯಾಟು, ಸುತ್ತಲೂ ಬಿಳಿ ಗೋಡೆ. ಮೊಳೆ ಹೊಡೆಯಬಾರದು, ಬಣ್ಣ ಬಳಿಯಬಾರದು ಎಂದು ಅಗ್ರಿಮೆಂಟಿನಲ್ಲೇ ಇದೆ. ಒಂದೆರಡು ವರ್ಷದಲ್ಲಿ ಮನೆ ಬದಲಾಯಿಸಬೇಕಾಗಿ ಬರಬಹುದು. ಹೀಗಿರುವಾಗ ಮನೆ ಚೆಂದ ಮಾಡಲು ದುಡ್ಡು ಹಾಕಬೇಕಾ, ಇಲ್ಲ ಸ್ವಂತ ಮನೆ ಆಗುವ ತನಕ ಹೀಗೇ ಇದ್ದುಬಿಡಬೇಕಾ ಎಂದು ಕೇಳಿದ್ದೀರಿ. ಸಂಜೆ ಕೆಲಸದಿಂದ ಬಂದರೆ ಮನೆಯಲ್ಲಿ ಕೂರಲು ಮನಸ್ಸೇ ಆಗುವುದಿಲ್ಲ ಎಂದೂ ಬರೆದಿದ್ದೀರಿ. ನಾನು ಉತ್ತರ ಬರೆಯಲು ಕೂತಿದ್ದು ಆ ಮಾತನ್ನು ಓದಿ.

ಕಾಯಬೇಡಿ. ಹೊರದೇಶದಲ್ಲಿ ನಮ್ಮವರು ಎಷ್ಟೋ ಜನ ‘ಇದು ತಾತ್ಕಾಲಿಕ’ ಎಂದುಕೊಂಡೇ ವರ್ಷಗಟ್ಟಲೆ ಬರೀ ಗೋಡೆ ನೋಡಿಕೊಂಡು ಇರುತ್ತಾರೆ. ಸೂಟ್‌ಕೇಸು ಮಂಚದ ಕೆಳಗೆ, ಬಟ್ಟೆ ಅರ್ಧ ಅದರಲ್ಲೇ. ಮೊದಲ ಒಂದೆರಡು ವರ್ಷ ಇಲ್ಲಿ ಎಲ್ಲವೂ ಹೊಸದು, ಎಲ್ಲದಕ್ಕೂ ತಲೆ ಕೆಡಿಸಿಕೊಳ್ಳಬೇಕು. ಮನೆಯ ಆಸರೆ ಜಾಸ್ತಿ ಬೇಕಾಗುವುದು ಆಗಲೇ. ಸ್ವಂತ ಮನೆ ಆದಮೇಲೆ ನೋಡೋಣ ಎಂದರೆ ಆ ಕಷ್ಟದ ವರ್ಷಗಳು ಹಾಗೇ ಕಳೆದುಹೋಗುತ್ತವೆ. ಹಾಗಂತ ಸಿಕ್ಕಿದ್ದಕ್ಕೆಲ್ಲ ದುಡ್ಡು ಸುರಿಯಿರಿ ಎನ್ನುತ್ತಿಲ್ಲ. ಮನೆ ಬದಲಾಯಿಸಿದಾಗ ಜೊತೆಗೆ ಬರುವ ವಸ್ತುಗಳಿಗೆ ಹಾಕಿ. ದೀಪ, ಬಟ್ಟೆ, ನೆಲಕ್ಕೆ ಹಾಸುವ ರಗ್ಗು, ಚಿತ್ರ, ಒಳ್ಳೆಯ ಕುರ್ಚಿ. ಇವೆಲ್ಲ ಯಾವ ಮನೆಗಾದರೂ ಹೊಂದುತ್ತವೆ.

ಮೊದಲ ಕೆಲಸ ಬೆಳಕು. ಸೋಫಾ ಅಲ್ಲ, ಪರದೆ ಅಲ್ಲ, ಬೆಳಕು. ಸೀಲಿಂಗಿನ ಮಧ್ಯದಲ್ಲಿ ಒಂದೇ ಬಲ್ಬಿದೆ ಎಂದಿರಿ. ಸಂಜೆ ಮನೆ ಸಪ್ಪೆ ಅನ್ನಿಸಲು ಮುಖ್ಯ ಕಾರಣ ಅದೇ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಮೇಲಿಂದ ಒಂದೇ ದೀಪ ಬೀಳುತ್ತಿದ್ದರೆ ಮೂಲೆಗಳೆಲ್ಲ ಮಂಕಾಗುತ್ತವೆ, ಎದುರು ಕೂತವರ ಕಣ್ಣಿನ ಕೆಳಗೆ ನೆರಳು ಬೀಳುತ್ತದೆ. ಕೋಣೆಗೆ ಆಳವೇ ಇರುವುದಿಲ್ಲ. ಅದರ ಬದಲು ಬೇರೆ ಬೇರೆ ಎತ್ತರದಲ್ಲಿ ಮೂರು ದೀಪ ಇಡಿ. ಸೋಫಾ ಪಕ್ಕ ಓದಲು ಒಂದು, ದೂರದ ಮೂಲೆಯಲ್ಲಿ ನೆಲದ ಮೇಲೆ ನಿಲ್ಲುವಂಥದ್ದು ಒಂದು, ಶೆಲ್ಫಿನ ಮೇಲೆ ಚಿಕ್ಕದೊಂದು. ಮೂಲೆಯ ದೀಪವನ್ನು ಗೋಡೆಗೆ ಹತ್ತಿರ ಇಟ್ಟು, ಬೆಳಕು ಗೋಡೆಯ ಮೇಲೆ ಬಿದ್ದು ಕೋಣೆಗೆ ವಾಪಸು ಬರುವ ಹಾಗೆ ತಿರುಗಿಸಿ. ಬಿಳಿ ಗೋಡೆ ಎಂದು ಬೇಜಾರು ಮಾಡಿಕೊಂಡಿದ್ದೀರಲ್ಲ, ಇಲ್ಲಿ ಅದೇ ಅನುಕೂಲ. ಬಿಳಿ ಗೋಡೆಯಷ್ಟು ಚೆನ್ನಾಗಿ ಬೆಳಕು ಹರಡುವಂಥದ್ದು ಇನ್ನೊಂದಿಲ್ಲ.

ಬಲ್ಬ್ ಕೊಳ್ಳುವಾಗ ಡಬ್ಬಿಯ ಮೇಲೆ ಮೂರು ಸಂಖ್ಯೆ ನೋಡಿ. ಒಂದು ಕೆಲ್ವಿನ್, ಅಂದರೆ ಬೆಳಕಿನ ಬಣ್ಣ. 2700 ಎಂದಿದ್ದರೆ ಹಳದಿ ಛಾಯೆಯ ಬೆಚ್ಚನೆ ಬೆಳಕು. 4000 ಆಫೀಸಿನ ಬಿಳುಪು. 6500 ನೀಲಿ ಕಡೆಗೆ ಹೋಗುತ್ತದೆ. ಕೂರುವ ಕೋಣೆಗೂ ಮಲಗುವ ಕೋಣೆಗೂ 2700 ತೆಗೆದುಕೊಳ್ಳಿ. ಅಡುಗೆ ಕಟ್ಟೆಯ ಮೇಲೆ 3000ದಿಂದ 4000 ಇದ್ದರೂ ನಡೆಯುತ್ತದೆ. ಒಂದೇ ಕೋಣೆಯಲ್ಲಿ ಮಾತ್ರ ಎರಡು ಬಣ್ಣದ ಬೆಳಕು ಬೆರೆಸಬೇಡಿ, ಕಣ್ಣಿಗೆ ಕಿರಿಕಿರಿ. ಇನ್ನೊಂದು ಲ್ಯೂಮೆನ್, ಅಂದರೆ ಬೆಳಕು ಎಷ್ಟು ಎನ್ನುವುದು. ಹಳೆಯ 60 ವ್ಯಾಟಿನ ಬಲ್ಬ್ ಕೊಡುತ್ತಿದ್ದ ಬೆಳಕು ಸುಮಾರು 800 ಲ್ಯೂಮೆನ್. ಎಲ್‌ಇಡಿಯಲ್ಲಿ ಅಷ್ಟಕ್ಕೆ 8–10 ವ್ಯಾಟ್ ಸಾಕು. ಮೂರನೆಯದು ಸಿಆರ್‌ಐ, ಅಂದರೆ ಆ ಬೆಳಕಿನಲ್ಲಿ ವಸ್ತುಗಳ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎನ್ನುವ ಅಳತೆ. ಅದು 90ರ ಮೇಲಿರಲಿ. ಅಗ್ಗದ ಬಲ್ಬುಗಳಲ್ಲಿ ಇದು ಕಡಿಮೆ ಇರುತ್ತದೆ. ಕೆಂಪು ಕುಶನ್ ಕಂದು ಬಣ್ಣಕ್ಕೆ ತಿರುಗಿದ ಹಾಗೆ ಕಾಣುವುದು, ಮುಖ ಕಳೆಗುಂದಿದಂತೆ ಕಾಣುವುದು ಅದರಿಂದಲೇ.

ಲ್ಯಾಂಪ್ ಆರಿಸುವಾಗ ಕೂತು ನೋಡಿ, ನಿಂತೂ ನೋಡಿ. ಬಲ್ಬ್ ನೇರವಾಗಿ ಕಣ್ಣಿಗೆ ಚುಚ್ಚಬಾರದು. ಡೆನ್ಮಾರ್ಕಿನ ದೀಪ ವಿನ್ಯಾಸಕ ಪೌಲ್ ಹೆನ್ನಿಂಗ್ಸನ್ 1920ರ ದಶಕದಲ್ಲಿ ತಲೆ ಕೆಡಿಸಿಕೊಂಡಿದ್ದು ಇದೇ ವಿಷಯಕ್ಕೆ. ಒಂದರ ಕೆಳಗೊಂದು ಛತ್ರಿಯಂಥ ಮೂರು ಶೇಡುಗಳಿರುವ ದೀಪ ಮಾಡಿದರು. ಬಲ್ಬ್ ಮರೆಯಲ್ಲೇ ಉಳಿಯುತ್ತದೆ, ಬೆಳಕು ಮಾತ್ರ ಮೃದುವಾಗಿ ಕೆಳಗೂ ಪಕ್ಕಕ್ಕೂ ಹರಡುತ್ತದೆ. ಆ ದೀಪ ದುಬಾರಿ, ಅದನ್ನೇ ಕೊಳ್ಳಿ ಎಂದಲ್ಲ. ಆದರೆ ಅವರ ಲೆಕ್ಕ ನೆನಪಿಟ್ಟುಕೊಂಡರೆ ಅಗ್ಗದ ಲ್ಯಾಂಪನ್ನೂ ಸರಿಯಾಗಿ ಆರಿಸಬಹುದು. ಊಟದ ಮೇಜಿನ ಮೇಲೆ ತೂಗುದೀಪ ಇದ್ದರೆ ಮೇಜಿನಿಂದ 75–90 ಸೆಂಟಿಮೀಟರ್ ಮೇಲಿರಲಿ. ಅದಕ್ಕಿಂತ ಎತ್ತರಕ್ಕೆ ಹೋದರೆ ಕಣ್ಣಿಗೆ ಹೊಡೆಯುತ್ತದೆ.

ಬೆಳಕಾದ ಮೇಲೆ ಸದ್ದು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಖಾಲಿ ಮನೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ, ಸದ್ದು ಗೋಡೆಯಿಂದ ಗೋಡೆಗೆ ಬಡಿದು ಗುಂಯ್ ಎನ್ನುತ್ತದೆ. ಫೋನಿನಲ್ಲಿ ಮಾತಾಡಿದರೆ ನಮ್ಮ ದನಿಯೇ ನಮಗೆ ಪರಕೀಯ ಅನ್ನಿಸುತ್ತದೆ. ಮನೆ ಬಿಕೋ ಎನ್ನುತ್ತದೆ ಎನ್ನುತ್ತೇವಲ್ಲ, ಅದರಲ್ಲಿ ಅರ್ಧ ಕಿವಿಗೆ ಸಂಬಂಧಿಸಿದ್ದು. ಗಟ್ಟಿ ನೆಲ, ಗಟ್ಟಿ ಗೋಡೆ, ಗಾಜು, ಇವು ಸದ್ದನ್ನು ಹೀರುವುದಿಲ್ಲ. ದಪ್ಪ ರಗ್ಗು, ನೆಲ ಮುಟ್ಟುವ ಪರದೆ, ಕುಶನ್, ತುಂಬಿದ ಪುಸ್ತಕದ ಶೆಲ್ಫು, ಇವು ಹೀರುತ್ತವೆ. ಕೆಳಗಿನ ಮನೆಯವರಿಗೆ ನಿಮ್ಮ ಹೆಜ್ಜೆ ಸದ್ದೂ ಕಡಿಮೆಯಾಗುತ್ತದೆ, ಫ್ಲ್ಯಾಟಿನಲ್ಲಿ ಅದು ದೊಡ್ಡ ವಿಷಯ.

ರಗ್ಗು ಕೊಳ್ಳುವಾಗ ಚಿಕ್ಕದು ತರಬೇಡಿ. ಕೋಣೆ ಮಧ್ಯೆ ಒಂಟಿಯಾಗಿ ಬಿದ್ದಿರುವ ಪುಟ್ಟ ರಗ್ಗು ಕೋಣೆಯನ್ನು ಇನ್ನೂ ಚಿಕ್ಕದಾಗಿ ತೋರಿಸುತ್ತದೆ. ಸೋಫಾದ ಮುಂದಿನ ಕಾಲುಗಳಾದರೂ ಅದರ ಮೇಲೆ ಬರಬೇಕು. ಊಟದ ಮೇಜಿನ ಕೆಳಗೆ ಹಾಕುವುದಾದರೆ ಮೇಜಿನ ಅಂಚಿನಿಂದ ಎಲ್ಲ ಕಡೆ 60 ಸೆಂಟಿಮೀಟರ್ ಆಚೆ ಬರಲಿ, ಇಲ್ಲದಿದ್ದರೆ ಕುರ್ಚಿ ಹಿಂದೆ ಎಳೆದಾಗಲೆಲ್ಲ ಕಾಲು ಸಿಕ್ಕಿಕೊಳ್ಳುತ್ತದೆ. ಅಡಿಯಲ್ಲಿ ಜಾರದ ಮ್ಯಾಟ್ ಹಾಕುವುದನ್ನು ಮರೆಯಬೇಡಿ.

ಇನ್ನು ಗೋಡೆ. ಮೊಳೆ ಬೇಡ ಎಂದಮಾತ್ರಕ್ಕೆ ಗೋಡೆ ಖಾಲಿ ಬಿಡಬೇಕಿಲ್ಲ. ಹಗುರ ಚಿತ್ರಗಳಿಗೆ ತೆಗೆಯಬಹುದಾದ ಅಂಟುಪಟ್ಟಿ ಸಿಗುತ್ತದೆ. ಅದು ಬಿದ್ದುಹೋಗುತ್ತದೆ ಎನ್ನುವವರು ಸಾಮಾನ್ಯವಾಗಿ ಆತುರ ಮಾಡಿರುತ್ತಾರೆ. ಗೋಡೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಒಣಗಲು ಬಿಡಿ. ಪಟ್ಟಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಂದು ಗಂಟೆ ಬಿಟ್ಟು ಆಮೇಲೆ ಭಾರ ಹಾಕಿ. ಎಷ್ಟು ತೂಕ ತಡೆಯುತ್ತದೆ ಎಂದು ಪ್ಯಾಕೆಟ್ಟಿನ ಮೇಲಿರುತ್ತದೆ, ಅದನ್ನು ಮೀರಬೇಡಿ. ತೆಗೆಯುವಾಗ ಪಟ್ಟಿಯ ಕೆಳತುದಿಯಲ್ಲಿ ಚಾಚಿಕೊಂಡಿರುವ ಬಾಲವನ್ನು ನಿಮ್ಮ ಕಡೆ ಎಳೆಯಬಾರದು, ಗೋಡೆಗೆ ಅಂಟಿಕೊಂಡ ಹಾಗೇ ನೇರ ಕೆಳಕ್ಕೆ, ನಿಧಾನವಾಗಿ ಎಳೆಯಬೇಕು. ರಬ್ಬರಿನ ಹಾಗೆ ಹಿಗ್ಗಿ ತಾನೇ ಬಿಟ್ಟುಕೊಳ್ಳುತ್ತದೆ. ತರಿತರಿ ಗೋಡೆಗೆ, ವಾಲ್‌ಪೇಪರಿಗೆ ಇದು ಆಗುವುದಿಲ್ಲ. ಅಂಥಲ್ಲಿ ದೊಡ್ಡ ಚಿತ್ರವನ್ನು ಮೇಜಿನ ಮೇಲೋ ಶೆಲ್ಫಿನ ಮೇಲೋ ಗೋಡೆಗೆ ಒರಗಿಸಿಡಿ. ನನ್ನ ಕಣ್ಣಿಗೆ ನೇತುಹಾಕಿದ್ದಕ್ಕಿಂತ ಒರಗಿಸಿಟ್ಟ ಚಿತ್ರವೇ ಎಷ್ಟೋ ಸಲ ಚೆಂದ ಕಾಣುತ್ತದೆ. ಮನಸ್ಸು ಬಂದಾಗ ಬದಲಾಯಿಸಲೂ ಸುಲಭ.

ಎತ್ತರದ ಮಾತು ಬಂತು. ಹೆಚ್ಚಿನವರು ಚಿತ್ರಗಳನ್ನು ತುಂಬ ಮೇಲೆ ಹಾಕುತ್ತಾರೆ. ಚಿತ್ರದ ನಡುಭಾಗ ನೆಲದಿಂದ 145–150 ಸೆಂಟಿಮೀಟರ್ ಇರಲಿ, ನಿಂತವರ ಕಣ್ಣಿನ ಮಟ್ಟ ಅದು. ಗ್ಯಾಲರಿಗಳಲ್ಲಿ ತೂಗುಹಾಕುವುದೂ ಹೆಚ್ಚುಕಡಿಮೆ ಇದೇ ಎತ್ತರಕ್ಕೆ. ಸೋಫಾ ಮೇಲೆ ಹಾಕುವುದಾದರೆ ಸೋಫಾಕ್ಕೂ ಚಿತ್ರಕ್ಕೂ ಒಂದು ಗೇಣಿನಷ್ಟು ಜಾಗ ಸಾಕು. ನಾಲ್ಕಾರು ಚಿಕ್ಕ ಚಿತ್ರಗಳಿದ್ದರೆ ಮೊದಲು ಅವುಗಳ ಅಳತೆಗೆ ಪೇಪರ್ ಕತ್ತರಿಸಿ, ಸುಲಭವಾಗಿ ಕೀಳಲು ಬರುವ ಟೇಪಿನಲ್ಲಿ ಗೋಡೆಗೆ ಅಂಟಿಸಿ, ಎರಡು ದಿನ ನೋಡಿ. ಸರಿ ಅನ್ನಿಸಿದ ಮೇಲೆ ನಿಜವಾದದ್ದನ್ನು ಹಾಕಿ.

ಬಣ್ಣ ಬಳಿಯಲು ಆಗದ ಗೋಡೆಗೆ ನನ್ನ ಅಚ್ಚುಮೆಚ್ಚಿನ ಉಪಾಯ ಬಟ್ಟೆ. ನಿಮ್ಮ ಪೆಟ್ಟಿಗೆಯಲ್ಲಿ ಮನೆಯಿಂದ ತಂದ, ಉಪಯೋಗಕ್ಕೆ ಬಾರದೆ ಮಡಚಿಟ್ಟ ಒಂದು ನೇಯ್ಗೆ ಬಟ್ಟೆ ಇದ್ದೇ ಇರುತ್ತದೆ ಅಲ್ವಾ? ಅದನ್ನು ಹೊರಗೆ ತೆಗೆಯಿರಿ. ಮೇಲಿನ ಅಂಚನ್ನು ಹಿಂದಕ್ಕೆ ಮಡಚಿ, ಕೋಲು ತೂರುವಷ್ಟು ಜಾಗ ಬಿಟ್ಟು ಉದ್ದಕ್ಕೂ ಹೊಲಿಯಿರಿ. ತೆಳು ಮರದ ಕೋಲು ತೂರಿಸಿ, ಎರಡು ತುದಿಗೆ ದಾರ ಕಟ್ಟಿ ಅಂಟು ಕೊಕ್ಕೆಗೆ ತೂಗುಹಾಕಿ. ಕೆಳಗಿನ ಅಂಚಿನಲ್ಲೂ ಹಾಗೇ ಒಂದು ಕೋಲು ತೂರಿಸಿದರೆ ಬಟ್ಟೆ ಮುದುಡದೆ ನೇರ ನಿಲ್ಲುತ್ತದೆ. ಭಾರವೇ ಇರುವುದಿಲ್ಲ, ಸದ್ದೂ ಹೀರುತ್ತದೆ, ಇಡೀ ಗೋಡೆಗೆ ಬಣ್ಣ ಬರುತ್ತದೆ. ನೇರ ಬಿಸಿಲು ಬೀಳುವ ಗೋಡೆಗೆ ಮಾತ್ರ ಹಾಕಬೇಡಿ, ಬಣ್ಣ ಬಿಸಿಲಿಗೆ ಮಾಸಿದರೆ ಮತ್ತೆ ಬರುವುದಿಲ್ಲ. ಆ ಬಟ್ಟೆಯಲ್ಲಿರುವ ಒಂದೆರಡು ಬಣ್ಣವನ್ನೇ ಆರಿಸಿಕೊಂಡು ಕುಶನ್, ಲ್ಯಾಂಪಿನ ಶೇಡು, ಒಂದು ಹೂದಾನಿ ತನ್ನಿ. ಬಣ್ಣದ ಹೊಂದಾಣಿಕೆ ನನಗೆ ಗೊತ್ತಾಗುವುದಿಲ್ಲ ಎಂದು ಬರೆದಿದ್ದಿರಿ. ನೇಯ್ದವರು ಆ ಹೊಂದಾಣಿಕೆಯನ್ನು ಆಗಲೇ ಮಾಡಿಟ್ಟಿದ್ದಾರೆ, ಅದನ್ನು ಕೋಣೆಗೆ ಹರಡುವುದಷ್ಟೇ ನಿಮ್ಮ ಕೆಲಸ.

ಮನೆಯಿಂದ ತಂದ ವಸ್ತುಗಳ ಬಗ್ಗೆ ಒಂದು ಮಾತು. ಎಲ್ಲವನ್ನೂ ಒಂದೇ ಶೆಲ್ಫಿನಲ್ಲಿ ಸಾಲಾಗಿ ಜೋಡಿಸಿದರೆ ಅಂಗಡಿಯ ಹಾಗೆ ಕಾಣುತ್ತದೆ. ದಿನಾ ಕೈಗೆ ಸಿಗುವ ಕಡೆ ಬಿಡಿಬಿಡಿಯಾಗಿ ಇಡಿ, ಬಳಸಿ. ಬಾಗಿಲ ಹತ್ತಿರ ಬೀಗದ ಕೈ ಹಾಕಲು ಹಳೇ ಬಟ್ಟಲು, ಓದುವ ಮೇಜಿನ ಮೇಲೆ ಫೋಟೋ. ಉಳಿದದ್ದನ್ನು ಒಳಗಿಡಿ, ಕೆಲವು ತಿಂಗಳಿಗೊಮ್ಮೆ ಅದಲುಬದಲು ಮಾಡಿ. ಒಂದೇ ಜಾಗದಲ್ಲಿ ಬಹಳ ದಿನ ಇದ್ದದ್ದು ಕಣ್ಣಿಗೆ ಕಾಣಿಸುವುದೇ ಇಲ್ಲ.

ಪೀಠೋಪಕರಣಕ್ಕೆ ಆತುರ ಬೇಡ. ಮೊದಲು ಮಂಚ, ಒಂದು ಮೇಜು, ಬೆನ್ನಿಗೆ ಒಳ್ಳೆಯ ಕುರ್ಚಿ. ಸೋಫಾ ಕೊಳ್ಳುವ ಮುಂಚೆ ಅದರ ಅಳತೆಗೆ ನೆಲದ ಮೇಲೆ ಟೇಪು ಅಂಟಿಸಿ, ಒಂದು ವಾರ ಅದರ ಸುತ್ತ ಓಡಾಡಿ. ನಡೆಯುವ ದಾರಿಗೆ 75–90 ಸೆಂಟಿಮೀಟರ್ ಉಳಿಯಬೇಕು. ಸೋಫಾಕ್ಕೂ ಮುಂದಿನ ಮೇಜಿಗೂ 40–45 ಸೆಂಟಿಮೀಟರ್ ಇದ್ದರೆ ಕೈಗೂ ಎಟುಕುತ್ತದೆ, ಕಾಲಿಗೂ ತಾಗುವುದಿಲ್ಲ. ಬಾಗಿಲು, ಮೆಟ್ಟಿಲ ತಿರುವು, ಲಿಫ್ಟಿನ ಅಗಲವನ್ನೂ ಅಳೆದುಕೊಳ್ಳಿ.

ಬಿಚ್ಚಿ ಜೋಡಿಸಲು ಬರುವಂಥದ್ದನ್ನೇ ಆರಿಸಿ. ಬಿಚ್ಚಿ ಸಾಗಿಸುವುದು ಈಚಿನ ಉಪಾಯವೇನಲ್ಲ. ಆಸ್ಟ್ರಿಯಾದ ಥೋನೆಟ್ ಕಂಪನಿ 1859ರಲ್ಲಿ ತಂದ 14ನೇ ನಂಬರಿನ ಕುರ್ಚಿ ನೋಡಿ. ಹಬೆಯಲ್ಲಿ ಬಗ್ಗಿಸಿದ ಬೀಚ್ ಮರದ ಆರು ಭಾಗ, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಬಿಚ್ಚಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿದ್ದವು. ಹಡಗಿನಲ್ಲಿ ದೇಶದೇಶಕ್ಕೆ ಹೋಗಿ ಅಲ್ಲಲ್ಲೇ ಜೋಡಣೆಯಾದವು. ಅದು ಇವತ್ತಿಗೂ ಹಳತೆನಿಸುವುದಿಲ್ಲ. ಸ್ಕ್ರೂ ಹಾಕಿದ ಗಟ್ಟಿ ಮರ ಹತ್ತು ಸಲ ಬಿಚ್ಚಿದರೂ ತಡೆಯುತ್ತದೆ. ಮರದ ಪುಡಿ ಒತ್ತಿ ಮಾಡಿದ ಹಲಗೆ ಹಾಗಲ್ಲ, ಎರಡು ಮೂರು ಸಲ ಬಿಚ್ಚಿದರೆ ಸ್ಕ್ರೂ ತೂತು ಸಡಿಲವಾಗುತ್ತದೆ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಲು ಹಿಂಜರಿಯಬೇಡಿ. ಮರದ ಮೇಜು, ಶೆಲ್ಫು, ಕುರ್ಚಿಗೆ ಅದೇ ಒಳ್ಳೆಯದು. ಹಾಸಿಗೆ ಮಾತ್ರ ಬೇಡವೇ ಬೇಡ. ಬಟ್ಟೆ ಹೊದಿಸಿದ ಸೋಫಾ ಆದರೆ ಹೊಲಿಗೆ ಸಂದು, ಕೆಳಭಾಗ ಎಲ್ಲ ಟಾರ್ಚ್ ಹಾಕಿ ನೋಡಿ. ಕಪ್ಪು ಚುಕ್ಕೆ ಕಂಡರೆ ತಿಗಣೆ ಇರಬಹುದು, ಪುಕ್ಕಟೆ ಕೊಟ್ಟರೂ ಬೇಡ. ಚಿಕ್ಕ ಮಗು ಇದೆ ಎಂದು ಬರೆದಿದ್ದೀರಿ. ಗೋಡೆಗೆ ಬಿಗಿಯಲು ಆಗದ ಮನೆಯಲ್ಲಿ ಎತ್ತರದ ಶೆಲ್ಫು, ಡ್ರಾಯರ್ ಇರುವ ಬೀರು ಇಡಲೇಬೇಡಿ, ಮಗು ಹತ್ತಿದರೆ ಮೈಮೇಲೆ ಬೀಳುತ್ತದೆ. ಸೊಂಟದ ಎತ್ತರದ ಅಗಲ ಶೆಲ್ಫು ತನ್ನಿ. ಇಲ್ಲವೇ ಬಿಗಿಯಲು ಎರಡು ತೂತು ಕೊರೆಯಲು ಮಾಲೀಕರಿಂದ ಲಿಖಿತ ಒಪ್ಪಿಗೆ ಕೇಳಿ. ಮಗುವಿನ ಸುರಕ್ಷತೆಗೆ ಎಂದರೆ ಒಪ್ಪುವವರಿದ್ದಾರೆ.

ಚಳಿ ಜಾಸ್ತಿ ಇರುವ ಊರು ಎಂದಿರಿ. ಹಾಗಿದ್ದರೆ ಬೀರು, ಮಂಚದ ತಲೆಭಾಗವನ್ನು ಹೊರಗೋಡೆಗೆ ಅಂಟಿಸಿ ಇಡಬೇಡಿ. ತಣ್ಣನೆ ಗೋಡೆಯ ಹತ್ತಿರ ಗಾಳಿ ಆಡದಿದ್ದರೆ ಒಳಗಿನ ತೇವ ಅಲ್ಲೇ ನೀರಾಗಿ ಬೂಷ್ಟು ಹಿಡಿಯುತ್ತದೆ. 5–10 ಸೆಂಟಿಮೀಟರ್ ಜಾಗ ಬಿಡಿ. ಕಿಟಕಿ ಕೆಳಗೆ ಹೀಟರ್ ಇದ್ದರೆ ಉದ್ದ ಪರದೆ ಅದನ್ನು ಮುಚ್ಚಬಾರದು. ಬಿಸಿಯೆಲ್ಲ ಪರದೆ ಹಿಂದೆ ಕಿಟಕಿಗೆ ಹೋಗುತ್ತದೆ. ಕರೆಂಟ್ ಹೀಟರ್ ಆಗಿದ್ದರೆ ಬೆಂಕಿಯ ಅಪಾಯವೂ ಇದೆ.

ಗಿಡಗಳ ಬಗ್ಗೆ ಕೇಳಿದ್ದಿರಿ. ಬೆಳಕು ಕಡಿಮೆ ಇರುವ ಮನೆಗೆ ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್ ತಡೆಯುತ್ತವೆ, ಆದರೂ ಕಿಟಕಿಯ ಹತ್ತಿರವೇ ಇರಲಿ. ಮನಿ ಪ್ಲಾಂಟ್ ಎಲೆ ಮಗು ಬಾಯಿಗೆ ಹಾಕಿದರೆ ಉರಿಯುತ್ತದೆ, ಎತ್ತರದಲ್ಲಿಡಿ. ಚಳಿಗಾಲದಲ್ಲಿ ಗಿಡ ಬೆಳೆಯುವುದು ಕಡಿಮೆ, ನೀರೂ ಕಡಿಮೆ ಸಾಕು. ಮಣ್ಣಿಗೆ ಬೆರಳಿಟ್ಟು ಒಣಗಿದೆಯಾ ನೋಡಿ ಹಾಕಿ.

ಪರದೆಯ ವಿಷಯ ಮಾತ್ರ ನಿಮ್ಮ ಕಿಟಕಿ ಯಾವ ದಿಕ್ಕಿಗಿದೆ ಎಂದು ಗೊತ್ತಾಗದೆ ಹೇಳಲು ಬರುವುದಿಲ್ಲ. ಭೂಮಿಯ ಉತ್ತರಾರ್ಧದಲ್ಲಿದ್ದರೆ ದಕ್ಷಿಣದ ಕಿಟಕಿಗೆ ನೇರ ಬಿಸಿಲು, ಉತ್ತರದ ಕಿಟಕಿಗೆ ತಣ್ಣನೆ, ಒಂದೇ ಸಮನಾದ ಬೆಳಕು. ದಕ್ಷಿಣಾರ್ಧದಲ್ಲಿ ಇದು ಉಲ್ಟಾ. ದಿಕ್ಕು ತಿಳಿಸಿ, ಕಿಟಕಿಯ ಅಗಲವನ್ನೂ ಬರೆಯಿರಿ. ಏನೇ ಅಂಟಿಸುವ ಮುಂಚೆ ಪ್ರತಿ ಗೋಡೆಯ, ನೆಲದ ಫೋಟೋ ತೆಗೆದು ಮಾಲೀಕರಿಗೆ ಮೇಲ್ ಮಾಡಿಬಿಡಿ. ಮೊದಲೇ ಇದ್ದ ಕಲೆಗೆ ನಿಮ್ಮ ಡೆಪಾಸಿಟ್ಟಿನಲ್ಲಿ ದುಡ್ಡು ಹಿಡಿಯಬಾರದಲ್ಲ.